ಬುದ್ಧಿವಂತ, ಆದ್ರೆ ಓದಲ್ಲ

ಕೇಳುಗರಿಗೆ ನಮಸ್ಕಾರ.

"ನಮ್ಮ ಹುಡುಗ ಬಲು ಬುದ್ಧಿವಂತ ಮೇಷ್ಟ್ರೇ, ಆದ್ರೆ ಓದಲ್ಲ." ದಾವಣಗೆರೆಯಲ್ಲಿ ಪಾಠ ಮಾಡಿದ ಇಷ್ಟು ವರ್ಷದಲ್ಲಿ ಈ ಮಾತು ಎಷ್ಟು ಅಪ್ಪಂದಿರ ಬಾಯಲ್ಲಿ ಕೇಳಿದೆನೋ, ಲೆಕ್ಕವಿಲ್ಲ. ದೂರು ಅಂತ ಶುರುವಾಗುತ್ತೆ. ಒಳಗಿರೋದು ಹೆಮ್ಮೆ.

ನಮ್ಮ ಶಿವಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದ್ದು 2009ರಲ್ಲಿ. ಅದೇ ವರ್ಷ ಆಸ್ಟ್ರೇಲಿಯಾದ ಆರ್ಥರ್ ಪೊರೊಪ್ಯಾಟ್ ಅನ್ನುವವರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ, 70,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಸ್ವಭಾವವನ್ನೂ ಅಂಕವನ್ನೂ ಹೋಲಿಸಿ ನೋಡಿದರು. ಮನಶ್ಶಾಸ್ತ್ರದವರು ಸ್ವಭಾವ ಅಳೆಯೋಕೆ ಬಳಸುವ ಐದು ಗುಣಗಳಲ್ಲಿ, ಅಂಕದ ಜೊತೆಗಿನ ನಂಟಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿದ್ದು ಅಚ್ಚುಕಟ್ಟುತನ. ಹಿಡಿದ ಕೆಲಸ ಬಿಡದ ಗುಣ ಅನ್ನಿ. ಬುದ್ಧಿಗೂ ಅಂಕಕ್ಕೂ ಇರುವ ನಂಟು ಪ್ರೈಮರಿ ಶಾಲೆಯಲ್ಲಿ ಬಿಗಿ, ಕಾಲೇಜಿಗೆ ಬರುವಷ್ಟರಲ್ಲಿ ಸಡಿಲ.

ಯಾಕೆ ಹಾಗೆ? ನಮ್ಮೂರಿನ ಮಂಡಕ್ಕಿ ಭಟ್ಟಿ ನೆನಪು ಮಾಡಿಕೊಳ್ಳಿ. ಜರಡಿ ಹಿಡಿದ ಮೇಲೆ ಉಳಿಯೋದು ಹೆಚ್ಚೂಕಮ್ಮಿ ಒಂದೇ ಗಾತ್ರ, ಅಲ್ವಾ? ಎಸ್ಸೆಸ್ಸೆಲ್ಸಿ, ಪಿಯುಸಿ ಅಂತ ಎರಡು ಜರಡಿ ದಾಟಿ ಬಂದವರಲ್ಲಿ ಬುದ್ಧಿಯ ವ್ಯತ್ಯಾಸ ಅಷ್ಟು ದೊಡ್ಡದಿರಲ್ಲ. ಇದೊಂದೇ ಕಾರಣ ಅಂತಲ್ಲ, ನನಗೆ ಒಪ್ಪಿಗೆಯಾದದ್ದು ಇದು.

2012ರಲ್ಲಿ ಇಂಗ್ಲೆಂಡಿನ ಸಂಶೋಧಕರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನಷ್ಟೇ ಇಟ್ಟುಕೊಂಡು ಲೆಕ್ಕ ಹಾಕಿದರು. ಅಂಕದ ಜೊತೆ ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1 ಅನ್ನೋ ಅಳತೆ. ಬುದ್ಧಿಗೆ ಸಿಕ್ಕಿದ್ದು ಸುಮಾರು 0.20, ಅಚ್ಚುಕಟ್ಟುತನಕ್ಕೆ 0.19. ಎರಡೂ ಸರಿಸಮ, ಎರಡೂ ಸಣ್ಣವೇ. ಎಲ್ಲಕ್ಕಿಂತ ಮೇಲೆ, 0.59ರಲ್ಲಿ, ಇದ್ದದ್ದು "ನನಗೆ ಇಷ್ಟು ಅಂಕ ಬಂದೇ ಬರುತ್ತೆ" ಅನ್ನೋ ನಂಬಿಕೆ. ಆ ನಂಬಿಕೆ ಬರೋದು ಹೋದ ಸೆಮಿಸ್ಟರಿನ ಅಂಕದಿಂದಲೂ ಅಲ್ವಾ? ಅದಕ್ಕೇ ಬೆನ್ನು ತಟ್ಟಿದರೆ ಸಾಕು ಅನ್ನುವವರನ್ನು ನಾನು ಪೂರ್ತಿ ನಂಬಲ್ಲ.

ನನ್ನ ಕ್ಲಾಸಿನಲ್ಲಿ ಅಂಥ ಒಬ್ಬ ಬುದ್ಧಿವಂತ ಇದ್ದ. ಬೋರ್ಡಿನ ಲೆಕ್ಕ ನಾನು ಮುಗಿಸೋ ಮೊದಲೇ ಉತ್ತರ ಹೇಳುತ್ತಿದ್ದ. ಪರೀಕ್ಷೆಯ ಹಿಂದಿನ ದಿನ ಮಾತ್ರ ಎರಡನೇ ಬೆಂಚಿನ ಹುಡುಗಿಯ ನೋಟ್ಸಿಗೆ ಮೊಬೈಲ್ ಹಿಡಿದು ನಿಂತಿರುತ್ತಿದ್ದ. ಅವಳದು ಪುಟಪುಟಕ್ಕೂ ತಾರೀಖು, ಅರ್ಥವಾಗದ ಕಡೆ ಪೆನ್ಸಿಲ್ಲಿನ ಪ್ರಶ್ನೆ ಗುರುತು. ಕೊನೇ ವರ್ಷ ಅವನೂ ಒಂದು ಡೈರಿ ಕೊಂಡ. ಒಂದಿನ ಇಸಿದುಕೊಂಡು ತಿರುವಿ ನೋಡಿದೆ. ಜನವರಿ ಹತ್ತರವರೆಗೆ ಗಂಟೆಗಂಟೆಯ ಟೈಮ್ ಟೇಬಲ್, ಮೂರು ಬಣ್ಣದ ಪೆನ್ನಿನಲ್ಲಿ. ಆಮೇಲೆ ಸಿಕ್ಕಿದ್ದು ಒಂದು ಬೆಣ್ಣೆ ದೋಸೆ ಬಿಲ್ಲು.

ನಮಸ್ಕಾರ.