ಆಟಕ್ಕೆ ಬೇಗ ಬನ್ನಿ

ಕೇಳುಗರಿಗೆ ನಮಸ್ಕಾರ.

ನಮ್ಮ ವಿಶ್ವವಿದ್ಯಾನಿಲಯದ ಕಲಾಕೇಂದ್ರದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯುವ ಕಾರ್ಯಕ್ರಮಗಳ ಬಗ್ಗೆ ಮಾತನಾಡಲು ಆಕಾಶವಾಣಿಯವರು ಕರೆದಿದ್ದಾರೆ. ಯಕ್ಷಗಾನ ಇದೆ, ತಾಳಮದ್ದಳೆ ಇದೆ, ನಾಟಕ ಇದೆ, ಹಿಂದುಸ್ತಾನಿ ಸಂಗೀತ ಇದೆ, ಪ್ರದರ್ಶನಾಲಯದಲ್ಲಿ ನೋಡುವುದಕ್ಕೂ ಸಾಕಷ್ಟಿದೆ. ಇಡೀ ಪಟ್ಟಿಯನ್ನು ಓದಿದರೆ ನನಗೆ ಕೊಟ್ಟ ಹದಿನೈದು ನಿಮಿಷ ಸುಲಭವಾಗಿ ಕಳೆದುಹೋಗುತ್ತದೆ, ನಿಮಗೆ ಒಂದೂ ನೆನಪಿರುವುದಿಲ್ಲ. ಆದ್ದರಿಂದ ಪಟ್ಟಿ ಓದುವುದಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಬೇಗ ಬನ್ನಿ.

ಬೇಗ ಎಂದರೆ ಐದು ನಿಮಿಷ ಮೊದಲು ಬಂದು ಕುರ್ಚಿಗೆ ಕರವಸ್ತ್ರ ಹಾಸುವುದಲ್ಲ. ಆಟ, ಅಂದರೆ ಯಕ್ಷಗಾನ, ಆರೂವರೆಗೆ ಇದ್ದರೆ ನಾಲ್ಕಕ್ಕೆ ಬನ್ನಿ.

ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತ ಈ ಮಾತು ಕೇಳುತ್ತಿರುವ ಅಮ್ಮಂದಿರು ಇದ್ದೀರಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ರೇಡಿಯೋ ಇಟ್ಟುಕೊಂಡವರಿದ್ದೀರಿ. ನಾಲ್ಕಕ್ಕೆ ಬರಲು ನಮಗೇನು ಕೆಲಸವಿಲ್ಲವೇ ಎಂದು ನೀವು ಕೇಳಬಹುದು. ಕೆಲಸ ಇದೆ, ನನಗೆ ಗೊತ್ತು. ಅದಕ್ಕೇ ಆಟಗಳನ್ನೆಲ್ಲ ಶನಿವಾರಕ್ಕೆ ಇಟ್ಟಿದ್ದೇವೆ. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಟ್ಟು ಮನೆಗೆ ಹಿಂದಿರುಗದೆ ಹಾಗೆಯೇ ಬಸ್ಸು ಹತ್ತಿ.

ತಡವಾಗಿ ಬರುವುದು ನಮ್ಮ ಕರಾವಳಿಯವರ ಹಳೆಯ ಅಭ್ಯಾಸ. ಇದಕ್ಕೆ ನಿಮ್ಮನ್ನು ಬೈಯಲು ನಾನು ಬಂದಿಲ್ಲ. ಆ ಅಭ್ಯಾಸಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. ಆಟ ರಾತ್ರಿ ಬೆಳಗಾಗುವ ತನಕ ನಡೆಯುತ್ತಿತ್ತು. ದೀಪಾವಳಿಯ ಹೊತ್ತಿಗೆ ಹೊರಟ ಮೇಳ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ಊರೂರು ತಿರುಗುತ್ತಿತ್ತು. ಗದ್ದೆಯ ಕೆಲಸ ಮುಗಿಸಿ, ಉಂಡು, ಮಕ್ಕಳನ್ನು ಎಬ್ಬಿಸಿ, ಚಾಪೆ ಸುತ್ತಿಕೊಂಡು ಮಧ್ಯರಾತ್ರಿಗೆ ಹೋದರೂ ಐದಾರು ಗಂಟೆಯ ಆಟ ಬಾಕಿ ಇರುತ್ತಿತ್ತು. ಆಟದ ಸೂಚನೆಯಾಗಿ ಬಾರಿಸುವ, 'ಕೇಳಿ' ಎಂಬ ಚೆಂಡೆಯ ಸದ್ದು ಊರಿನಾಚೆಗೂ ಮುಟ್ಟಿ ಜನರನ್ನು ಕರೆಯುತ್ತಿತ್ತು. ಅವರು ಬಂದು ಸೇರುವವರೆಗೆ ರಂಗಸ್ಥಳದಲ್ಲಿ ಪೂರ್ವರಂಗ, ಅಂದರೆ ಕಥೆಗೆ ಮೊದಲಿನ ಕುಣಿತಗಳು, ನಡೆಯುತ್ತಿತ್ತು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಒಂದರ ಹಿಂದೆ ಒಂದು.

ಈಗ ಕಾಲಮಿತಿಯ ಆಟ. ತೆರೆದ ಜಾಗದಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ 2000ದಿಂದ ಇದೆ. ನಮ್ಮ ಬಯಲು ರಂಗಸ್ಥಳದಲ್ಲಿ ಆರೂವರೆಗೆ ಶುರುವಾದ ಪ್ರಸಂಗ ಹತ್ತಕ್ಕೆ ಮುಗಿಯಲೇಬೇಕು. ಮೂರೂವರೆ ಗಂಟೆ. ನೀವು ಒಂದು ಗಂಟೆ ತಡವಾಗಿ ಬಂದರೆ ಕಾಲು ಪಾಲಿಗಿಂತ ಹೆಚ್ಚು ಹೋಯಿತು. ಆಟ ಚಿಕ್ಕದಾಗಿದೆ, ನಮ್ಮ ತಡ ಮಾತ್ರ ಹಳೆಯ ಅಳತೆಯಲ್ಲೇ ಉಳಿದಿದೆ. ಆಟವನ್ನು ಚಿಕ್ಕದು ಮಾಡುವ ಕೆಲಸ ಈಗಿನದೂ ಅಲ್ಲ. ಉಡುಪಿಯಲ್ಲಿ 1971ರಲ್ಲೇ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಆಟವನ್ನು ಕಾಲೇಜಿನ ಅಂಗಳಕ್ಕೆ ತಂದರು. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ಬಿಟ್ಟು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿ, ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಅವರು ಹಾಗೆ ಮಾಡಿದ್ದು ನಾವು ಕೊನೆಯ ಅರ್ಧ ಗಂಟೆಗೆ ಬಂದು ಚಪ್ಪಾಳೆ ತಟ್ಟಲಿ ಎಂದಲ್ಲ.

ನೀವು ತಡವಾಗಿ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದರಲ್ಲಿ ತಪ್ಪು ಸಂಘಟಕರದ್ದೇ. ಸಭಾ ಕಾರ್ಯಕ್ರಮ! ಆರೂವರೆಗೆ ಎಂದು ಅಚ್ಚು ಹಾಕಿಸಿ, ಎಂಟೂವರೆಯವರೆಗೆ ಹಾರ, ಶಾಲು, ಸ್ಮರಣಿಕೆ, ಅಧ್ಯಕ್ಷೀಯ ಮಾತು, ಅದಕ್ಕೊಂದು ಧನ್ಯವಾದ. ಬಣ್ಣ ಹಚ್ಚಿ ಗೆಜ್ಜೆ ಕಟ್ಟಿದ ಕಲಾವಿದರು ಬೆವರುತ್ತ ಕಾಯಬೇಕು. ಜನ ಬುದ್ಧಿವಂತರು, ಲೆಕ್ಕ ಹಾಕಿಯೇ ಮನೆಯಿಂದ ಹೊರಡುತ್ತಾರೆ. ಈ ಬಾರಿ ನಮ್ಮಲ್ಲಿ ಸಭಾ ಕಾರ್ಯಕ್ರಮ ಇಲ್ಲ. ಒಂದು ದೀಪ ಹಚ್ಚುವುದೂ ಇಲ್ಲ, ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚುವ ಕೋಣೆಯಲ್ಲಿ, ಗಣಪತಿಯ ಮುಂದೆ ದೀಪ ಇದ್ದೇ ಇರುತ್ತದೆ. ಇದಕ್ಕಾಗಿ ನಾನು ಯಾರ ಯಾರ ಮುನಿಸು ಕಟ್ಟಿಕೊಂಡೆ ಎಂಬುದು ಇಲ್ಲಿ ಬೇಡ.

ನಾಲ್ಕಕ್ಕೆ ಬಂದು ಮಾಡುವುದೇನು? ಚೌಕಿಗೆ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು, ಮೊಬೈಲ್ ಜೇಬಿನಲ್ಲಿಟ್ಟು, ಗೋಡೆಯ ಬದಿಗೆ ಹಾಸಿದ ಚಾಪೆಯ ಮೇಲೆ ಕುಳಿತುಕೊಳ್ಳಿ. ಪ್ರತಿಯೊಬ್ಬ ವೇಷಧಾರಿಗೂ ಅವರದೇ ಜಾಗ ಇದೆ, ಎದುರಿಗೆ ಪೆಟ್ಟಿಗೆ, ಕೈಕನ್ನಡಿ. ನಮ್ಮಲ್ಲಿ ಮುಖಕ್ಕೆ ಬಣ್ಣ ಹಚ್ಚಲು ಬೇರೆಯವರಿಲ್ಲ, ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಾರೆ. ಇಪ್ಪತ್ತರ ಹುಡುಗನೊಬ್ಬ ಬನಿಯನ್ ಹಾಕಿಕೊಂಡು ಕುಳಿತಿರುತ್ತಾನೆ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಾಡಿಗೆ, ತೆಂಗಿನೆಣ್ಣೆ. ನೋಡುನೋಡುತ್ತಿದ್ದಂತೆ ಹುಬ್ಬು ಬದಲಾಗುತ್ತದೆ, ಆಮೇಲೆ ಕುಳಿತ ಭಂಗಿ ಬದಲಾಗುತ್ತದೆ. ಚಹಾ ಬೇಕೇ ಎಂದು ಕೇಳಿದರೆ ಉತ್ತರಿಸುವ ಧಾಟಿಯೂ ಬದಲಾಗಿರುತ್ತದೆ.

ಕಳೆದ ವರ್ಷದ ಒಂದು ಸಂಗತಿ ಹೇಳಲೇಬೇಕು. ನನ್ನ ಸಹೋದ್ಯೋಗಿಗಳು ಇದನ್ನು ಹಲವು ಸಲ ಕೇಳಿ ಬೇಸತ್ತಿದ್ದಾರೆ. ನೀವು ಕೇಳಿಲ್ಲವಲ್ಲ.

ಅಂದು ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಆಟ. ಬಕಾಸುರನದು ಬಣ್ಣದ ವೇಷ, ರಾಕ್ಷಸರಿಗೆ ಹಾಕುವ ವೇಷ. ಮಾಡುವವರು ಹಿರಿಯ ಕಲಾವಿದರು, ಎಪ್ಪತ್ತರ ಹತ್ತಿರದ ವಯಸ್ಸು. ಬಣ್ಣದ ವೇಷವೆಂದರೆ ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಮುಖದ ಮೇಲೆ ಇಡಬೇಕು. ಒಂದು ಸಾಲು ಒಣಗಬೇಕು, ಅದರ ಮೇಲೆ ಮತ್ತೆ ಇಟ್ಟು ಮುಳ್ಳಿನಂತೆ ಎತ್ತರ ಮಾಡಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಒಣಗುತ್ತ ಬಂದಂತೆ ಚರ್ಮ ಬಿಗಿಯುತ್ತದೆ. ಮಾತನಾಡುವಂತಿಲ್ಲ, ನಗುವಂತಂತೂ ಇಲ್ಲವೇ ಇಲ್ಲ.

ಕಾಪು ಕಡೆಯ ಒಬ್ಬ ಅಜ್ಜಿ ಬಸ್ಸಿನ ಹೊತ್ತಿಗೆ ಹೊಂದಿಸಿಕೊಂಡು ಮೊಮ್ಮಗನ ಜೊತೆ ಮೂರೂವರೆಗೇ ಬಂದು ಮುಚ್ಚಿದ ಸಭಾಂಗಣದ ಮೆಟ್ಟಿಲ ಮೇಲೆ ಕುಳಿತಿದ್ದರು. ಬಿಸಿಲಿತ್ತು. ಒಳಗೆ ಬನ್ನಿ ಎಂದು ಚೌಕಿಗೆ ಕರೆದೆ. "ಸಣ್ಣವಳಿದ್ದಾಗಿನಿಂದ ಆಟ ನೋಡಿದ್ದೇನೆ ಸ್ವಾಮಿ, ಚೌಕಿಯ ಒಳಗೆ ಕಾಲಿಟ್ಟವಳಲ್ಲ" ಎಂದು ಬಾಗಿಲಲ್ಲೇ ನಿಂತರು. ಹುಡುಗನಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಆರೇಳು ವರ್ಷದವನು, ನೇರವಾಗಿ ಹೋಗಿ ಬಕಾಸುರನ ಎದುರಿಗೆ ಕುಳಿತ. ಅಷ್ಟು ಹೊತ್ತಿಗೆ ಬಲಗೆನ್ನೆಯ ಚಿಟ್ಟಿ ಮುಗಿದು, ಎಡಗೆನ್ನೆಯದು ನಡೆಯುತ್ತಿತ್ತು.

"ಅಜ್ಜಾ, ಇದು ನೋಯುತ್ತದಾ?"

ಉತ್ತರ ಇಲ್ಲ. ಕಣ್ಣು ಮಾತ್ರ ಒಮ್ಮೆ ಮೇಲೆದ್ದಿತು.

"ಅಜ್ಜಾ, ಬಕಾಸುರ ಒಂದು ಬಂಡಿ ಅನ್ನ ತಿನ್ನುತ್ತಾನಂತೆ. ನಿಮ್ಮದು ಊಟ ಆಯಿತಾ?"

ಹಿರಿಯರು ಕಡ್ಡಿಯನ್ನು ಕೆಳಗಿಟ್ಟರು. ಪೆಟ್ಟಿಗೆಯ ಮರೆಯಿಂದ ಸ್ಟೀಲಿನ ಲೋಟವನ್ನು ತೆಗೆದರು. ಅದರಲ್ಲೊಂದು ಪ್ಲಾಸ್ಟಿಕ್ ಸ್ಟ್ರಾ. ತುಟಿಯನ್ನು ಒಂದಿಷ್ಟೇ ತೆರೆದು, ಸ್ಟ್ರಾದಿಂದ ತಣ್ಣಗಾದ ಚಹಾ ಹೀರಿ, ಊಟ ಇಷ್ಟೇ ಎಂಬಂತೆ ಲೋಟವನ್ನು ಹುಡುಗನಿಗೆ ತೋರಿಸಿದರು. ಬಂಡಿ ಅನ್ನದ ರಾಕ್ಷಸ ಸ್ಟ್ರಾದಲ್ಲಿ ಚಹಾ ಕುಡಿಯುವುದನ್ನು ನೋಡಿ ಹುಡುಗ ಬಿದ್ದು ಬಿದ್ದು ನಕ್ಕ. ಹಿರಿಯರಿಗೂ ತಡೆಯಲಾಗಲಿಲ್ಲ. ಮುಖ ಅಲುಗಲಿಲ್ಲ, ಭುಜ ಕುಲುಕಿತು, ಅಷ್ಟರಲ್ಲಿ ಎಡಗೆನ್ನೆಯ ಮೂರು ಚುಕ್ಕಿ ಬಿರಿದು ಪಂಚೆಯ ಮೇಲೆ ಉದುರಿದವು. ಚೌಕಿಯೆಲ್ಲ ಮೌನ. ಚಿಟ್ಟಿ ಕೆಟ್ಟರೆ ಬಣ್ಣದ ವೇಷದವರಿಗೆ ಬರುವ ಸಿಟ್ಟು ಎಂಥದೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಅವರು ಹುಡುಗನನ್ನು ದಿಟ್ಟಿಸಿದರು, ಬೆರಳಿನಿಂದ ಹತ್ತಿರ ಕರೆದರು, ಕೈಕನ್ನಡಿಯನ್ನು ಅವನ ಕೈಗೆ ಕೊಟ್ಟರು. ಹಿಡಿದುಕೋ ಎಂದು. ಆ ಮೂರು ಚುಕ್ಕಿಗಳನ್ನು ಮತ್ತೆ ಇಟ್ಟು ಒಣಗಿಸುವವರೆಗೆ ಹುಡುಗ ಉಸಿರು ಬಿಗಿಹಿಡಿದು ಕನ್ನಡಿ ಹಿಡಿದು ನಿಂತಿದ್ದ. ಅಜ್ಜಿ ಯಾವಾಗ ಒಳಗೆ ಬಂದು ಕುಳಿತಿದ್ದರೋ ನಾನು ಗಮನಿಸಲಿಲ್ಲ.

ರಾತ್ರಿ ಬಕಾಸುರನ ಒಡ್ಡೋಲಗ, ಅಂದರೆ ರಂಗಪ್ರವೇಶ. ಇಬ್ಬರು ತೆರೆ ಹಿಡಿದಿದ್ದಾರೆ, ಚೆಂಡೆ ಏರುತ್ತಿದೆ, ತೆರೆಯ ಮೇಲಿನಿಂದ ಕಿರೀಟದ, ಅಂದರೆ ಕೇಸರಿ ತಟ್ಟಿಯ, ಅಂಚು ಮಾತ್ರ ಕಾಣುತ್ತಿದೆ. ಒಮ್ಮೆ ಬೆನ್ನು, ಒಮ್ಮೆ ಅರ್ಧ ಮುಖ, ಒಂದು ಆರ್ಭಟ, ಮತ್ತೆ ಮರೆ. ಕೊನೆಗೆ ತೆರೆ ಸರಿದಾಗ ಮುಂದಿನ ಸಾಲಿನ ಮಕ್ಕಳೆಲ್ಲ ಅಮ್ಮಂದಿರ ಸೆರಗಿಗೆ. ನಮ್ಮ ಹುಡುಗ ಮಾತ್ರ ಕುರ್ಚಿಯ ಮೇಲೆ ಎದ್ದು ನಿಂತು ಕೂಗಿದ: "ಅಜ್ಜೀ, ಆ ಮೂರು ಚುಕ್ಕಿ ನನ್ನದು!"

ಅದೇ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಬ್ಬ ಗಣ್ಯರು ಕುಟುಂಬ ಸಮೇತ ಬಂದರು. ರಾಕ್ಷಸ ಸತ್ತ ಮೇಲೆ ನನ್ನ ಬಳಿಗೆ ಬಂದು, "ಆ ದೊಡ್ಡ ವೇಷ ಇನ್ನೊಮ್ಮೆ ಬರುತ್ತದಾ? ಫೋಟೊ ಸರಿಯಾಗಿ ಸಿಗಲಿಲ್ಲ" ಎಂದು ಕೇಳಿದರು. ಒಂದೇ ಆಟವನ್ನು ಆ ಹುಡುಗನೂ ನೋಡಿದ, ಇವರೂ ನೋಡಿದರು. ಹುಡುಗ ಮೂರೂವರೆಗೆ ಬಂದಿದ್ದ, ಇವರು ಒಂಬತ್ತಕ್ಕೆ ಬಂದಿದ್ದರು. ಬೇರೆ ವ್ಯತ್ಯಾಸ ಏನೂ ಇಲ್ಲ.

ಬಕಾಸುರ ನನ್ನ ಸಮಯವನ್ನೂ ತಿಂದ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕಾಲಮಿತಿಯಲ್ಲಿ ಕತ್ತರಿ ಮೊದಲು ಬಿದ್ದದ್ದು ಪೂರ್ವರಂಗಕ್ಕೆ. ಮೇಳಕ್ಕೆ ಸೇರಿದ ಹುಡುಗರು ಕೋಡಂಗಿಯಾಗಿ, ಆಮೇಲೆ ಬಾಲಗೋಪಾಲರಾಗಿ ಹೆಜ್ಜೆ ಕಲಿಯುತ್ತಿದ್ದ ಶಾಲೆ ಅದು. ಈ ಋತುವಿನಲ್ಲಿ ಅದನ್ನು ಐದು ಗಂಟೆಗೆ ಪೂರ್ತಿಯಾಗಿ ಮಾಡಿಸುತ್ತಿದ್ದೇವೆ, ಮಾಡುವವರು ವಿದ್ಯಾರ್ಥಿಗಳು. ಖಾಲಿ ಕುರ್ಚಿಗಳ ಎದುರು ಕುಣಿದು ಯಾವ ಹುಡುಗನೂ ಕಲಾವಿದನಾಗುವುದಿಲ್ಲ.

ಪ್ರದರ್ಶನಾಲಯದಲ್ಲಿ ಹಳೆಯ ವೇಷಭೂಷಣಗಳಿವೆ. ಹಗುರ ಮರದಲ್ಲಿ ಕೆತ್ತಿ, ಬೇಗಡೆಯ ಹೊಳೆಯುವ ಹಾಳೆ ಅಂಟಿಸಿ, ಕನ್ನಡಿ ಚೂರು ಕೂರಿಸಿದ ಭುಜಕೀರ್ತಿ, ಎದೆಕಟ್ಟು, ಡಾಬು, ಕರ್ಣಪತ್ರ. ಮೊದಲು ಅವನ್ನು ಗಾಜಿನೊಳಗೆ ನೋಡಿ, ಆಮೇಲೆ ಅಂಥವೇ ರಂಗದ ಮೇಲೆ ಕುಣಿಯುವುದನ್ನು ನೋಡಿ. ಪಕ್ಕದ ಕೋಣೆಯಲ್ಲಿ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳ ಪ್ರತಿಗಳಿವೆ. 1911ರಲ್ಲಿ ಇಲ್ಲೇ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ದೇಶವೆಲ್ಲ ಕೊಂಡಾಡಿದ ಕಲಾವಿದ. ಕೈಯೆತ್ತದೆ ಎಳೆದಂತಿರುವ ಗೆರೆಯಲ್ಲಿ ಕುಣಿಯುವ ದೇಹ ಹೇಗೆ ಎದ್ದು ಬರುತ್ತದೆ ನೋಡಿ. ಪ್ರದರ್ಶನಾಲಯ ಆರಕ್ಕೆ ಮುಚ್ಚುತ್ತದೆ. ಅಲ್ಲಿ ಕಾವಲಿರುವವರಿಗೂ ಆಟ ನೋಡಬೇಕು.

ಡಿಸೆಂಬರಿನಲ್ಲಿ ಒಂದು ದಿನ ಕಾವಿ ಕಲೆಯ ಪ್ರಾತ್ಯಕ್ಷಿಕೆ ಇದೆ. ಹಳೆಯ ಗುಡಿಗಳ ಗೋಡೆಯ ಮೇಲೆ ಕೆಂಪು ಬಿಳುಪಿನ ಬಳ್ಳಿ, ಹೂವು, ದೇವರನ್ನು ನೋಡಿರುತ್ತೀರಿ. ಗೋಡೆಗೆ ಸುಣ್ಣದ ಗಾರೆ ಕೊಟ್ಟು, ಮೇಲೆ ಕೆಮ್ಮಣ್ಣಿನ ತೆಳು ಪದರ ಬಳಿದು, ಅದು ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಗೀರಿ ಒಳಗಿನ ಬಿಳುಪನ್ನು ಹೊರತೆಗೆಯುತ್ತಾರೆ. ಒಣಗಿದ ಮೇಲೆ ಗೀರಿದರೆ ಗೆರೆಯ ಅಂಚು ಸಿಡಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಗಾರೆ ಹಚ್ಚಲು ತೊಡಗುತ್ತಾರೆ. ಊಟ ಮುಗಿಸಿ ಬಂದರೆ ನಿಮಗೆ ಸಿಗುವುದು ಚಿತ್ರ ಬರೆದ ಗೋಡೆ ಮಾತ್ರ.

ಜನವರಿಯಲ್ಲಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಇರುವುದೆಲ್ಲ ಮಾತು. ಅರ್ಥಧಾರಿ, ಅಂದರೆ ಪಾತ್ರದ ಮಾತನ್ನಾಡುವವರು, ತಮ್ಮ ಪಾತ್ರವನ್ನು ಕಟ್ಟುವುದು ಪೀಠಿಕೆಯಲ್ಲಿ. ವಾಲಿ ರಾಮನಿಗೆ ಹಾಕುವ ಪ್ರಶ್ನೆಗಳ ಬೇರು ಅವನ ಮೊದಲ ಹತ್ತು ನಿಮಿಷದಲ್ಲಿದೆ. ಅದನ್ನು ಕೇಳದವರಿಗೆ ಮುಂದಿನದು ಬರೀ ಜಗಳ. ಹಿಂದುಸ್ತಾನಿ ಗಾಯನಕ್ಕೂ ಇದೇ ಮಾತು. ವೇಗದ ದ್ರುತ್ ಹೊತ್ತಿಗೆ ಬಂದು ತಲೆದೂಗುವವರು ನಿಧಾನದ ವಿಲಂಬಿತ್‌ನಲ್ಲಿ ರಾಗ ಒಂದೊಂದೇ ಸ್ವರವಾಗಿ ತೆರೆದುಕೊಂಡದ್ದನ್ನು ಕಳೆದುಕೊಂಡಿರುತ್ತಾರೆ. ನಾಟಕದ ಬಗ್ಗೆ ಮಾತನಾಡಲು ಹೊತ್ತಿಲ್ಲ. ಬಾಗಿಲು ಹಾಕಿದ ಮೇಲೆ ತೆರೆಯುವುದಿಲ್ಲ ಎಂಬುದೊಂದನ್ನು ತಿಳಿಸಿಬಿಡುತ್ತೇನೆ.

ಮೊದಲ ಆಟ ನವೆಂಬರಿನ ಎರಡನೇ ಶನಿವಾರ. ಪ್ರವೇಶಕ್ಕೆ ಹಣ ಇಲ್ಲ, ಪಾಸೂ ಇಲ್ಲ. ದೊಡ್ಡ ಗೇಟಿನಲ್ಲಿ ಕಾವಲುಗಾರರು ಎಲ್ಲಿಗೆ ಎಂದು ಕೇಳಿದರೆ ಚೌಕಿಗೆ ಎನ್ನಿ, ಬಿಡುತ್ತಾರೆ, ಹೇಳಿಟ್ಟಿದ್ದೇನೆ. ಒಳಗೆ ಬಂದು ಸಭಾಂಗಣದ ಎದುರು ಬಾಗಿಲಿಗೆ ಹೋಗಬೇಡಿ, ಅದು ಆರು ಗಂಟೆಯವರೆಗೆ ಮುಚ್ಚಿರುತ್ತದೆ. ಎಡಕ್ಕೆ ಸುತ್ತಿ ಬಂದರೆ ಹಲಸಿನ ಮರದ ಹತ್ತಿರ ಒಂದು ಚಿಕ್ಕ ಬಾಗಿಲಿದೆ. ಮೂರೂವರೆಯಿಂದಲೇ ತೆರೆದಿರುತ್ತದೆ. ಚಹಾ ನಮ್ಮದು. ಮಕ್ಕಳನ್ನು ಕರೆದುಕೊಂಡು ಬನ್ನಿ, ಆದರೆ ಚಿಟ್ಟಿ ಇಡುತ್ತಿರುವವರನ್ನು ನಗಿಸಬೇಡಿ ಎಂದು ಮೊದಲೇ ಹೇಳಿ ಕರೆತನ್ನಿ.

ನಮಸ್ಕಾರ.