ನುಡಿಯ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯ ಮಾಟುಂಗದಿಂದ ಡೊಂಬಿವಲಿಯವರೆಗೆ ಹರಡಿಕೊಂಡಿರುವ ನಮ್ಮ ಕನ್ನಡ ಸಂಘಗಳ ಕಂಪ್ಯೂಟರುಗಳಲ್ಲಿ ಸ್ಮರಣ ಸಂಚಿಕೆಗಳು, ನಾಟಕದ ಪ್ರತಿಗಳು, ಸದಸ್ಯರ ಪಟ್ಟಿಗಳು ವರ್ಷಗಳಿಂದ ಕೂಡಿಬಿದ್ದಿವೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಇಂಥ ಕಡತವೊಂದನ್ನು ಈಚೆಗೆ ಮೊಬೈಲಿನಲ್ಲಿ ತೆರೆದಾಗ, ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ನಡುವೆ ಪೌಂಡಿನ ಚಿಹ್ನೆ, ಕೊನೆಯಲ್ಲಿ ಸಣ್ಣ ಕ್ಯೂ ಕಾಣಿಸಿದವು. ಕಡತ ಕೆಟ್ಟಿರಲಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದುದರಿಂದ, ಫಾಂಟು ಇಲ್ಲದ ಕಡೆ ಆ ವೇಷ ಕಳಚಿಬೀಳುತ್ತದೆ, ಅಷ್ಟೇ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಬೇರೆಬೇರೆ ಸಂಕೇತ ಕೊಡುವ ಏರ್ಪಾಡೇ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ದೊರೆತಿದ್ದರೂ, ಅಚ್ಚಿನ ಮನೆಗಳ ಒತ್ತಾಯಕ್ಕೆ ಮಣಿದು ನಾವು ಹಳೆಯ ಹಾದಿಯನ್ನು ಬಹಳ ಕಾಲ ಬಿಡಲಿಲ್ಲ.

ಹಳೆಯ ಕಡತವನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಫೋನ್ ನಂಬರುಗಳಿರುವ ಸದಸ್ಯರ ಪಟ್ಟಿಯನ್ನು ಗುರುತಿಲ್ಲದ ಜಾಲತಾಣಕ್ಕೆ ಅಂಟಿಸುವುದು ಸಲ್ಲದು. ಅಂಥದಕ್ಕೆ ಕಂಪ್ಯೂಟರಿನಲ್ಲಿಯೇ ಸ್ಥಾಪಿಸಿಕೊಂಡ ಪರಿವರ್ತಕವೇ ಆಗಬೇಕು. ಪರಿವರ್ತನೆ ಕ್ಷಣಮಾತ್ರದ ಕೆಲಸ, ಶ್ರಮವಿರುವುದು ಕರಡು ತಿದ್ದುವುದರಲ್ಲಿ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕವು ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡಬಹುದು. ಅರ್ಕಾವೊತ್ತು ಹಳೆಯ ಕಡತದಲ್ಲಿ ಅಕ್ಷರದ ನಂತರ ಬಂದರೆ ಯೂನಿಕೋಡಿನಲ್ಲಿ ರಕಾರವೇ ಮೊದಲು ಬರಬೇಕಾದ್ದರಿಂದ, ‘ಸೂರ್ಯ’, ‘ಕಾರ್ಯದರ್ಶಿ’ಯಂಥ ಪದಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು. ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು. ಕಣ್ಣಿಗೆ ಬೀಳದ ಇನ್ನೊಂದಿದೆ: ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವ ಅಭ್ಯಾಸ. ಹಾಗೆ ಬರೆದ ‘ಮುಂಬಯಿ’ ನೋಡಲು ಸರಿಯಾಗಿಯೇ ಇರುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ನನ್ನ ಮಟ್ಟಿಗೆ ಅತ್ಯಂತ ಕಾಡಿದ ತಪ್ಪು ಇದೇ.

ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ, ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಕೆಯಾದ ಕೀಲಿಮಣೆಯ ವಿನ್ಯಾಸದಲ್ಲಿಯೇ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ ಯೂನಿಕೋಡ್ ಕನ್ನಡವನ್ನು ಬೆರಳಚ್ಚು ಮಾಡಬಹುದು. ತಿದ್ದುಪಡಿಗೆ ಲಿಬ್ರೆ ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ಸಾಕು. ಅಕ್ಷರಗಳಿಗೆ ಗುಬ್ಬಿ, ನವಿಲು, ನೋಟೊ ಮೊದಲಾದ ಮುಕ್ತ ಫಾಂಟುಗಳಿವೆ. ಕಡತವೇ ಕಳೆದುಹೋಗಿ ಅಚ್ಚಾದ ಪ್ರತಿಯೊಂದೇ ಉಳಿದಿದ್ದರೆ, ಪುಟಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕೊಟ್ಟರೆ ಅದು ಕನ್ನಡವನ್ನೂ ಓದಿಕೊಡುತ್ತದೆ, ಒತ್ತಕ್ಷರಗಳಲ್ಲಿ ಆಗಾಗ ಎಡವಿದರೂ.

ಅಚ್ಚಿನ ಮನೆಯವರು ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಬಿಡಲೊಲ್ಲೆವೆಂದರೆ, ಆ ತಂತ್ರಾಂಶಕ್ಕೆ ಯೂನಿಕೋಡ್ ತಿಳಿಯದ ಕಾರಣ, ಲಿಬ್ರೆ ಆಫೀಸಿನಲ್ಲಿಯೇ ಪುಟ ಕಟ್ಟಿ, ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕೊಡಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಅದನ್ನೂ ಅದರ ಹಳೆಯ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿ ಜೊತೆಯಾಗಿ ಇಟ್ಟುಕೊಳ್ಳಿ. ನಮಸ್ಕಾರ.