ಬಂಜರು ಅನ್ನಬೇಡಿ ಈ ಮಾಳವನ್ನು

ಕೇಳುಗರಿಗೆ ನಮಸ್ಕಾರ.

ಪುಣೆಯಿಂದ ದಿವೆ ಘಾಟ್ ಹತ್ತಿ ಸಾಸವಡದ ಕಡೆ ಹೊರಟರೆ, ಈ ಫಾಲ್ಗುಣದಲ್ಲಿ ಎಡಕ್ಕೂ ಬಲಕ್ಕೂ ಒಣಹುಲ್ಲಿನ ಬೋಳು ಗುಡ್ಡಗಳು. ನಡುವೆ ಎಲ್ಲೋ ಒಂದು ಮುತ್ತುಗದ ಮರ, ಒಂದೂ ಎಲೆಯಿಲ್ಲದೆ ಮೈತುಂಬ ಕೇಸರಿ ಹೂ ಬಿಟ್ಟು ನಿಂತಿರುತ್ತದೆ. “ಏನಿದೆ ಇಲ್ಲಿ, ಬರೀ ಬಂಜರು” ಅನ್ನುವವರು ನಮ್ಮ ಪುಣೆ ಕನ್ನಡಿಗರಲ್ಲೂ ಬೇಕಾದಷ್ಟಿದ್ದಾರೆ. ಇವತ್ತು ನಾನು ಆ ಬಂಜರಿನ, ಅಂದರೆ ಹುಲ್ಲು ಬೆಳೆಯುವ ಈ ಬಯಲು ಮಾಳದ ಪರವಾಗಿ ಮಾತಾಡಲು ಬಂದಿದ್ದೇನೆ.

ಲೋಣಾವಳದಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ದಾಟುವ ಮಳೆ, ಪೂರ್ವಕ್ಕೆ ಸರಿದು ಬಾರಾಮತಿ ತಲುಪುವ ಹೊತ್ತಿಗೆ 500ರ ಆಸುಪಾಸಿಗೆ ಇಳಿದಿರುತ್ತದೆ. ಕರಿಕಲ್ಲಿನ ಮೇಲೆ ಗೇಣುದ್ದದ ಮಣ್ಣು. ಇಲ್ಲಿ ಹುಲ್ಲು ಬೆಳೆಯುತ್ತದೆ, ಹುಲ್ಲನ್ನು ನಂಬಿ ಕುರಿ, ಕುರಿಯನ್ನು ನಂಬಿ ಇಲ್ಲಿನ ಕುರಿಗಾರ ಸಮುದಾಯದ ಧನಗರರು. ದೀಪಾವಳಿ ಕಳೆದ ಮೇಲೆ ಕೆಲವು ಮಂದೆಗಳು ಕೊಂಕಣಕ್ಕೆ ಇಳಿಯುತ್ತವೆ, ಮಳೆಗಾಲಕ್ಕೆ ಮುಂಚೆ ಘಾಟ್ ಹತ್ತಿ ವಾಪಸು ಬರುತ್ತವೆ. ಕುದುರೆಯ ಬೆನ್ನ ಮೇಲೆ ಪಾತ್ರೆಪಡಗ, ಕೋಳಿ, ಆಗಷ್ಟೇ ಹುಟ್ಟಿದ ಮರಿಗಳು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ತರುಬಿದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳುಕಡಿ.

ಸಾಸವಡದಾಚೆ ಒಂದು ಗುಡ್ಡದಲ್ಲಿ ನಡೆಯುತ್ತಿದ್ದಾಗ ಕರ್ನಾಟಕದ ಗಡಿಯಲ್ಲಿರುವ ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯ ಕುರಿಗಾರರೊಬ್ಬರು ಸಿಕ್ಕರು. ನನ್ನ ಮರಾಠಿ ಕೇಳಿ, “ಕನ್ನಡದಾಗ ಮಾತಾಡ್ರಿ” ಅಂದರು. ಮಾತಿನುದ್ದಕ್ಕೂ ಅವರ ಕೈ ನಿಲ್ಲಲಿಲ್ಲ. ಬಗಲಲ್ಲಿ ಹಿಂಜಿದ ಕರಿ ಉಣ್ಣೆಯ ಉಂಡೆ, ಕೆಳಗೆ ಜೋತುಬಿದ್ದು ತಿರುಗುವ ತಕಲಿ. ಎಳೆ ತೆಳುವಾಯಿತೆಂದು ಬೆರಳಿಗೆ ಗೊತ್ತಾದೊಡನೆ ಇನ್ನೊಂದು ಚಿಟಿಕೆ ಉಣ್ಣೆ ಕೂಡಿಸುತ್ತಿದ್ದರು. ಕಣ್ಣು ಮಾತ್ರ ಮಂದೆಯ ಮೇಲೆ.

ದಖನಿ ಕುರಿಯ ಉಣ್ಣೆ ಒರಟು. ವರ್ಷಕ್ಕೆರಡು ಸಲ ಕತ್ತರಿಸಿದರೂ ಒಂದು ಕುರಿಗೆ ಒಂದು ಕಿಲೋ ಆಗುವುದಿಲ್ಲ. ಆದರೆ ಕಂಬಳಿಗೆ ಬೇಕಾದದ್ದು ಈ ಒರಟುತನವೇ. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ: ಬೀಜ ನೆನೆಸಿ, ಅರೆದು, ಕುದಿಸಿ, ಕುಂಚದಿಂದ ಎಳೆ ಎಳೆಗೂ ತಿಕ್ಕಿ ಬಿಸಿಲಿಗೆ ಒಣಗಿಸಿದ ಮೇಲೆಯೇ ಅದು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಹೋಗುವುದು. ಮಳೆಯಲ್ಲಿ ಕಂಬಳಿಯನ್ನು ಮಡಚಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಉಣ್ಣೆಯ ಜಿಡ್ಡು ನೀರನ್ನು ಜಾರಿಸುತ್ತದೆ. ಇಂಥ ಉಣ್ಣೆಯನ್ನು ಈಗ ಕೊಳ್ಳುವವರಿಲ್ಲದೆ ಎಷ್ಟೋ ಕಡೆ ಬಯಲಲ್ಲಿ ಬಿಸಾಡುತ್ತಾರೆ, ಕತ್ತರಿಸುವವನಿಗೆ ಕೂಲಿ ಮಾತ್ರ ಕೈಯಿಂದ ಕೊಡಬೇಕು. ಮಾಂಸಕ್ಕೆ ಬೆಲೆ ಇರುವುದರಿಂದ ಜತ್ತ ಭಾಗದ ಮಾಡಗ್ಯಾಳ ತಳಿಯ ಎತ್ತರದ ಕುರಿಗಳು ಮಂದೆಗೆ ಬರುತ್ತಿವೆ. ಹೊಟ್ಟೆಪಾಡು ನೋಡಿಕೊಂಡ ಕುರಿಗಾರನನ್ನು ನಾನು ದೂರಲಾರೆ. ಕಂಬಳಿ ಕೊಳ್ಳುವುದನ್ನು ಬಿಟ್ಟವರು ನಾವು.

ಅಲ್ಲೇ ಮುಂದೆ ಖಂಡೋಬ ದೇವರ ಊರು ಜೇಜುರಿ. ಖಂಡೋಬನ ಎರಡನೆಯ ಹೆಂಡತಿ ಬಾಣಾಯಿ ಧನಗರರ ಮಗಳು. ನಮ್ಮ ಮೈಲಾರಲಿಂಗನಿಗೂ ಕುರುಬರ ಮನೆಯ ಹೆಂಡತಿ ಇದ್ದಾಳಲ್ಲ, ಊರು ಬದಲಾದರೂ ದೇವರ ಸಂಸಾರ ಅದೇ. ಅಲ್ಲಿ ಅರಿಶಿನದ ಭಂಡಾರ ಹಚ್ಚಿಕೊಳ್ಳುವಾಗ ನನಗೆ ಪರವೂರೆನ್ನಿಸುವುದಿಲ್ಲ.

ಇನ್ನು ತೋಳ. ಹೌದು, ಪುಣೆ ಜಿಲ್ಲೆಯ ಈ ಮಾಳಗಳಲ್ಲಿ ತೋಳಗಳಿವೆ. ಚಳಿಗಾಲದಲ್ಲಿ ಹುಟ್ಟಿದ ಮರಿಗಳು ಈ ದಿನಗಳಲ್ಲಿ ಬಿಲದ ಬಾಯಲ್ಲಿ ಆಡುತ್ತಿರುತ್ತವೆ. 1972ರ ವನ್ಯಜೀವಿ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಯ ಜೊತೆಗೇ ತೋಳದ ಹೆಸರಿದೆ, ಆದರೆ ಹುಲಿಗೆ ಸಿಕ್ಕ ಕಾಡಿನಂತೆ ಇದಕ್ಕೆಂದೇ ಜಾಗ ಸಿಕ್ಕಿದ್ದು ತೀರ ಅಪರೂಪ. ಮಂದೆಯ ಹಿಂದೆಯೇ ಅದರ ಬದುಕು. ಕುರಿ ಹೋದರೆ ಕುರಿಗಾರನಿಗೆ ನಷ್ಟವೇ. ಆದರೂ “ಅದರ ಪಾಲು ಅದು ಒಯ್ದೈತಿ” ಅಂದರು ನಮ್ಮ ಜತ್ತದ ಹಿರಿಯರು. ಈ ಮಾತು ಪರಿಹಾರಕ್ಕೆ ಸಮನಲ್ಲ. ಇವತ್ತು ಇಲ್ಲಿ, ನಾಳೆ ಇನ್ನೊಂದು ತಾಲೂಕಿನಲ್ಲಿರುವವನು ಪಂಚನಾಮೆಗೆ ಎಲ್ಲಿ ಕಾಯಬೇಕು? ಅವನಿದ್ದಲ್ಲಿಗೇ ಬಂದು ಪರಿಹಾರ ಕೊಡುವ ಏರ್ಪಾಡು ಆಗಬೇಕು.

ಇಂಥ ಗುಡ್ಡಗಳನ್ನು ಹಸಿರು ಮಾಡುತ್ತೇವೆಂದು ಒಳ್ಳೆಯ ಮನಸ್ಸಿನಿಂದಲೇ ಜನ ಗುಂಡಿ ತೋಡಿ ಗಿಡ ನೆಡುತ್ತಾರೆ. ಪುಣೆಯ ಸುತ್ತಲ ಎಷ್ಟೋ ಇಳಿಜಾರುಗಳನ್ನು ಗ್ಲಿರಿಸಿಡಿಯಾ ಆವರಿಸಿದೆ. ಹೊರದೇಶದ ಈ ಗಿಡದ ನೆರಳಲ್ಲಿ ಹುಲ್ಲು ಸೊರಗುತ್ತದೆ. ನೆಲದ ಮೇಲೆಯೇ ಮೊಟ್ಟೆಯಿಡುವ ನೆಲಗುಬ್ಬಿಗೆ, ಚಿಂಕಾರವೆಂಬ ಸಣ್ಣ ಹುಲ್ಲೆಗೆ, ಕುರಿಗೆ ಬೇಕಾದದ್ದು ಬಯಲು. ಗಿಡ ನೆಡಲು ಕೈ ತುರಿಸಿದರೆ ನಮ್ಮ ಸೊಸೈಟಿಯ ಅಂಗಳವಿದೆ, ರಸ್ತೆಯ ಅಂಚಿದೆ. ಮಾಳವನ್ನು ಮಾಳವಾಗಿಯೇ ಬಿಡೋಣ.

ನೋಡಬೇಕೆನ್ನಿಸಿದರೆ ಬಿಸಿಲೇರುವ ಮುಂಚೆ ಹೋಗಿ. ಬಾರಾಮತಿ ತಾಲೂಕಿನ ಸುಪೆ ಬಳಿ ಮಯೂರೇಶ್ವರ ಅಭಯಾರಣ್ಯವಿದೆ, ಪುಟ್ಟದು, ಚಿಂಕಾರ ಕಾಣುವ ಸಂಭವ ಚೆನ್ನಾಗಿದೆ. ಸಾಕುನಾಯಿಯನ್ನು ಮನೆಯಲ್ಲೇ ಬಿಡಿ. ತೋಳದ ಬಿಲ ಕಂಡರೆ ಹತ್ತಿರ ಹೋಗಬೇಡಿ, ಫೋಟೋ ಹಾಕಿ ಜಾಗ ತಿಳಿಸಬೇಡಿ. ಕಂಬಳಿ ಕೊಳ್ಳುವಾಗ ಮೂಸಿ ನೋಡಿ, ಕುರಿಯ ವಾಸನೆ ಇರಬೇಕು. ಮುಟ್ಟಿದರೆ ಗಂಜಿಯ ಬಿರುಸು ಇರುತ್ತದೆ. ಅದಕ್ಕೆ ಹೆದರಬೇಡಿ, ಹೊದೆಯುತ್ತ ಹೊದೆಯುತ್ತ ಮೆತ್ತಗಾಗುತ್ತದೆ.

ನಮಸ್ಕಾರ.